ಪದ್ಮಾಳ ಕಡೆ ಮುಖ ಮಾಡಿದ ಮೀಟರು

ಹೆಂಡತಿ ಬಸ್ಸಿನಲ್ಲಿ ಹೋಗುತ್ತಿರುವಾಗ ಅದೇ ಬಸ್ಸಿನ ಹಿಂದೆ ಸ್ವಂತ ಕಾರು ಓಡಿಸಿಕೊಂಡು ಹೋದ ಗಂಡಸು ಕೋಲಾರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಜಗಳವಾಡಿಕೊಂಡು ಹೊರಟಿದ್ದಳು ಎಂದು ತಿಳಿಯಬೇಡಿ. ನಮ್ಮಿಬ್ಬರ ನಡುವೆ ಎಲ್ಲ ಚೆನ್ನಾಗಿಯೇ ಇತ್ತು. ಕೆಟ್ಟಿದ್ದದ್ದು ಪದ್ಮಾಳಿಗೂ ನನ್ನ ಕಾರಿಗೂ ಇದ್ದ ಸಂಬಂಧ. ಅವಳು ಬಸ್ಸಿನ ಹಿಂದಿನ ಕಿಟಕಿಯಿಂದ ಆಗಾಗ ತಿರುಗಿ ನೋಡುತ್ತಿದ್ದಳು. ನನ್ನ ಮೇಲಿನ ಪ್ರೀತಿಯಿಂದ ಎಂದುಕೊಂಡಿದ್ದೆ. ಕಾರು ಬರುತ್ತಿದೆಯೋ, ಎಲ್ಲಾದರೂ ನಿಂತಿತೋ ಎಂದು ನೋಡುತ್ತಿದ್ದಳಂತೆ.

ಇದಕ್ಕೆ ಕಾರಣ ಮುಳಬಾಗಿಲಿನ ಒಂದು ಮದುವೆ. ಹೋಗುವಾಗ ದಾರಿಯಲ್ಲೇ ಕಾರಿನ ನೀರು ಕುದಿದು, ಬಾನೆಟ್ಟಿನಿಂದ ಹಬೆ ಎದ್ದು, ಇಡ್ಲಿ ಪಾತ್ರೆ ತೆರೆದ ಹಾಗಾಯಿತು. ಇಂಜಿನ್ ಕಾವೇರಿದರೆ ಹೇಳುವುದಕ್ಕೆ ನನ್ನ ಹಳೆಯ ಕಾರಿನಲ್ಲಿದ್ದದ್ದು ಒಂದೇ ಒಂದು ಕೆಂಪು ದೀಪ. ಅದೂ ಎಲ್ಲ ಮುಗಿದ ಮೇಲೆ, ಕಳ್ಳ ಹೋದ ಮೇಲೆ ಬೊಗಳುವ ನಾಯಿಯಂತೆ ಹತ್ತಿಕೊಳ್ಳುವಂಥದ್ದು. ರೇಷ್ಮೆ ಸೀರೆಯುಟ್ಟ ಪದ್ಮಾ ಹೆದ್ದಾರಿಯ ಬದಿಯಲ್ಲಿ ಬಿಸಿಲಿಗೆ ನಿಂತಳು. ಅದೇ ಹೊತ್ತಿಗೆ ಅವಳ ತವರಿನವರು ತುಂಬಿದ್ದ ವ್ಯಾನು ಬಂತು. ಎಲ್ಲರೂ ಇಳಿದರು, ಎಲ್ಲರೂ ಕಾರನ್ನು ನೋಡಿದರು, ಎಲ್ಲರೂ ಒಂದೊಂದು ಸಲಹೆ ಕೊಟ್ಟರು, ಆಮೇಲೆ ಪದ್ಮಾಳನ್ನು ಹತ್ತಿಸಿಕೊಂಡು ಹೋದರು. ನಾನು ಊಟದ ಕೊನೆಯ ಪಂಕ್ತಿಗೆ ತಲುಪಿದೆ. ಮನೆಗೆ ಬಂದ ಮೇಲೆ ಅವಳು ಕೂಗಾಡಲಿಲ್ಲ. "ಇಡೀ ದಿನ ಹೆಂಚಿನ ಕಾರ್ಖಾನೇಲಿ ಸುಡೋ ಗೂಡಿನ ಕಾವು ನೋಡೋರು ನೀವು. ನಿಮ್ ಕಾರಿನ ಕಾವು ಮಾತ್ರ ಗೊತ್ತಾಗಲ್ಲ. ಕುದಿಯೋಕ್ ಮುಂಚೆ ಹೇಳೋ ಬುದ್ಧಿ ಅದಕ್ಕೆ ಬರೋವರೆಗೂ ನಾನು ಅದರಲ್ಲಿ ಕೂರಲ್ಲ ಕಣ್ರೀ" ಎಂದಳು. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿರುವ ನನಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ.

ಪಕ್ಕದ ಸೀಟು ಖಾಲಿಯಿರುವ ಕಾರನ್ನು ಓಡಿಸಿ ನೋಡಿ, ಆಗ ತಿಳಿಯುತ್ತದೆ. ಕಡಲೆಕಾಯಿ ಸುಲಿದು ಕೊಡುವವರಿಲ್ಲ. ಎದುರಿನ ಲಾರಿಯವನನ್ನು ನಾನು ಬೈದರೆ "ಬಿಡ್ರಿ, ಅವನಿಗೆ ಕೇಳಿಸಲ್ಲ" ಎನ್ನುವವರಿಲ್ಲ. ಅಷ್ಟರಲ್ಲಿ ಗೌನಿಪಲ್ಲಿಯಲ್ಲಿ ಅವಳ ತಂಗಿಯ ಮನೆಯ ಗೃಹಪ್ರವೇಶ ಗೊತ್ತಾಯಿತು. ಅಲ್ಲಿಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೋಗಬೇಕೆಂದು ಹಟ ಹಿಡಿದೆ. ವ್ಯಾನಿನವರೆಲ್ಲ ಅಲ್ಲಿಗೂ ಬರುವವರು ತಾನೇ!

ಕೋಲಾರದ ಕಾರ್ ಎಲೆಕ್ಟ್ರಿಷಿಯನ್ ಒಬ್ಬ ಪರಿಹಾರ ಹೇಳಿದ. ಇಂಜಿನ್ನಿನ ಕಾವನ್ನು ಕ್ಷಣಕ್ಷಣವೂ ತೋರಿಸುವ, ಸೂಜಿಯಿರುವ ದುಂಡು ಮೀಟರು. ಆದರೆ ನನ್ನ ಡ್ಯಾಶ್‌ಬೋರ್ಡಿನಲ್ಲಿ ಅದನ್ನು ಕೂರಿಸಲು ಜಾಗವೇ ಇರಲಿಲ್ಲ. "ಕೆಳಗಡೆ ಒಂದು ಪಟ್ಟಿ ಹೊಡ್ದು ನೇತಾಕ್ಬಿಡ್ತೀನಿ ಸಾರ್" ಎಂದ. ಪದ್ಮಾಳ ಮರ್ಯಾದೆಗಾಗಿ ತರುವ ವಸ್ತುವನ್ನು ಬಾವಲಿಯ ಹಾಗೆ ನೇತುಹಾಕುವುದೇ? ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಮೀಟರನ್ನು ಚೀಲಕ್ಕೆ ಹಾಕಿಕೊಂಡು ನೇರ ಶಿವಾರಪಟ್ಟಣಕ್ಕೆ ಹೋದೆ.

ಅಲ್ಲಿ ನನ್ನ ಸ್ಕೂಲಿನ ಗೆಳೆಯ ಭದ್ರಾಚಾರಿ ಇದ್ದಾನೆ. ದೇವರ ವಿಗ್ರಹ ಕೆತ್ತುವ ಮನೆತನ. ವಿನಯ ಎಂಬುದು ಅವನ ಬೀದಿಯಲ್ಲೂ ಸುಳಿದಿಲ್ಲ. ತಾನು ಕೆತ್ತಿದ ಗಣೇಶನನ್ನು ತೋರಿಸಿ "ಇಂಥ ಹೊಟ್ಟೆ ನೋಡಿದೀಯೇನ್ಲಾ ಎಲ್ಲಾದ್ರೂ?" ಎಂದು ಕೇಳುವವನು. ಮೀಟರು ಕೂರಿಸಲು ಒಂದು ಚೆಂದದ ಗೂಡು ಮಾಡಿಕೊಡು, ಮರದ್ದಾದರೂ ಸಾಕು ಎಂದೆ.

"ಮರನಾ? ಬಡಗಿ ಹತ್ರ ಹೋಗು ಮತ್ತೆ. ನಾನು ಕಲ್ಲಲ್ಲಿ ಮಾಡ್ತೀನಿ" ಎಂದ.

"ಲೇ, ಕಾರಿಗೆ ಕಲ್ಲು ಹಾಕ್ತಾರೇನೋ ಯಾರಾದ್ರೂ?"

"ಇದುವರೆಗೂ ಹಾಕಿಲ್ಲ. ಅದಕ್ಕೇ ಹಾಕೋಣ." ಹಾಗೆಂದು ಮೀಟರನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. "ಇದು ಯಾರಿಗೋಸ್ಕರ? ಯಾರು ನೋಡ್ಬೇಕು ಇದನ್ನ?"

"ಪದ್ಮಾಗೋಸ್ಕರ ಕಣೋ. ಅವಳು ನೋಡಿ, ನಂಬಿ, ಒಳಗೆ ಕೂತರೆ ಸಾಕು."

"ಸರಿ ಬಿಡು, ಗೊತ್ತಾಯ್ತು" ಎಂದ. ಆ ಗಳಿಗೆಯಲ್ಲಿ ನಾನು ಇನ್ನೊಂದು ಮಾತು ಸೇರಿಸಬೇಕಿತ್ತು. ಸೇರಿಸಲಿಲ್ಲ.

ಕೆಲಸ ಮುಗಿಯಿತೆಂದು ಅವನು ಕರೆದಾಗ ಹೋಗಿ ನೋಡಿದೆ. ನುಣುಪಾದ ಬಳಪದ ಕಲ್ಲು. ಮೀಟರಿನ ಸುತ್ತ ಪುಟ್ಟದೊಂದು ಪ್ರಭಾವಳಿ. ನೆತ್ತಿಯ ಮೇಲೆ ಕಡಲೆಬೀಜದಷ್ಟು ದೊಡ್ಡ ಸಿಂಹದ ಮುಖ, ಅದರ ಬಾಯಿಂದ ಇಳಿದ ಬಳ್ಳಿ, ಬಳ್ಳಿಯ ನಡುವೆ ವೈರು ಹೋಗುವ ತೂತು ಕೂಡ ಹೂವಿನ ಮೊಗ್ಗಿನ ಹಾಗೆ. ಎಷ್ಟು ತೆಳ್ಳಗೆ ಕೊರೆದಿದ್ದನೆಂದರೆ ಎತ್ತಿದರೆ ಭಾರವೇ ತಿಳಿಯಲಿಲ್ಲ. ಹೊಗಳಿದರೆ ಉಬ್ಬುತ್ತಾನೆಂದು ಗೊತ್ತಿದ್ದೂ ಹೊಗಳಿದೆ. ಉಬ್ಬಿದ.

ಕೂರಿಸುವ ಕೆಲಸವನ್ನೂ ತಾನೇ ಮಾಡುತ್ತೇನೆಂದ. ಕೋಲಾರದ ಎಲೆಕ್ಟ್ರಿಷಿಯನ್ ಬಂದು ವೈರು ಎಳೆದುಕೊಟ್ಟ. ಅಪಾಯ ಎಲ್ಲಿಂದ ಶುರು ಎಂದು ತೋರಿಸಿದ. ಅಲ್ಲಿ ಒಂದು ಕೆಂಪು ಗೆರೆ ಬರೆಯಬೇಕಿತ್ತು. ಭದ್ರಾಚಾರಿ ನನ್ನನ್ನು ಕಾರಿನಿಂದ ಇಳಿಸಿಬಿಟ್ಟ. ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಸುವಾಗ ಎದುರಿಗೆ ಮನುಷ್ಯರು ನಿಲ್ಲಬಾರದು, ಅದು ಮೊದಲು ಕನ್ನಡಿ ನೋಡಬೇಕು ಎನ್ನುವುದು ಅವರ ಪದ್ಧತಿ. "ಇದು ಮೀಟರು ಕಣೋ" ಎಂದೆ. "ನೋಡೋ ವಸ್ತು ತಾನೆ? ಕಣ್ಣೇ ಅದು" ಎಂದ. ಹಿಂದಿನ ಗಾಡಿಗಳನ್ನು ನೋಡಲು ಇರುವ ಕನ್ನಡಿಯನ್ನು ಮೀಟರಿನ ಕಡೆಗೆ ತಿರುಗಿಸಿ, ಉಸಿರು ಬಿಗಿಹಿಡಿದು ಒಂದೇ ಎಳೆಯಲ್ಲಿ ಕೆಂಪು ಗೆರೆ ಬರೆದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಆಮೇಲೆ ಬಾಗಿಲು ತೆರೆದು "ಬಾ, ದರ್ಶನ ಮಾಡು" ಎಂದ.

ನಾನು ಡ್ರೈವರ್ ಸೀಟಿನಲ್ಲಿ ಕೂತು ನೋಡಿದೆ. ಬಳ್ಳಿಯ ಹಿಂಭಾಗ ಕಂಡಿತು. ಸಿಂಹದ ಒಂದು ಕಿವಿ ಕಂಡಿತು. ಸೂಜಿ ಕಾಣಲಿಲ್ಲ. ಮೀಟರು ಸಂಪೂರ್ಣವಾಗಿ ಎಡಕ್ಕೆ, ಪಕ್ಕದ ಸೀಟಿಗೆ ಮುಖಮಾಡಿ ಕೂತಿತ್ತು.

"ಲೇ! ಗಾಡಿ ಓಡ್ಸೋನು ನಾನು ಕಣೋ!"

"ಭಕ್ತರು ಯಾರು ಅಂತ ಕೇಳ್ದೆ ತಾನೆ? ನೀನೇ ಪದ್ಮಮ್ಮ ಅಂದೆ. ಭಕ್ತರ ಕಡೆಗಲ್ದೆ ಪೂಜಾರಿ ಕಡೆ ತಿರುಗಿಸ್ತಾರೇನ್ಲಾ ದೇವರನ್ನ?"

ತಿರುಗಿಸಿ ಕೂರಿಸು ಎಂದು ಕೂಗಾಡಿದೆ. ಅವನು ಜಗ್ಗಲಿಲ್ಲ. ಕಲ್ಲಿಗೆ ಕಲ್ಲು ಹಿಡಿಸುವ ಅಂಟು ಹಾಕಿದ್ದಾನಂತೆ, ಕೀಳಲು ಹೋದರೆ ಡ್ಯಾಶ್‌ಬೋರ್ಡೇ ಕಿತ್ತು ಬರುತ್ತದಂತೆ. ಅದಕ್ಕಿಂತ ಹೆಚ್ಚಾಗಿ, ಸ್ಥಾಪನೆ ಆದ ಮೇಲೆ ಕದಲಿಸಬಾರದಂತೆ. ನಾನು ದಾರಿಯುದ್ದಕ್ಕೂ ಅವನನ್ನು ಬೈದುಕೊಂಡು ಮನೆಗೆ ಬಂದೆ. ಪಕ್ಕದ ಸೀಟು ಖಾಲಿಯಿದ್ದುದರಿಂದ ತಡೆಯುವವರೂ ಇರಲಿಲ್ಲ.

ಪದ್ಮಾ ಬಾಗಿಲು ತೆರೆದು ನೋಡಿದಳು. ಬೆರಳ ತುದಿಯಿಂದ ಬಳ್ಳಿಯನ್ನು ಸವರಿದಳು. ಸೆರಗಿನಿಂದ ಗಾಜು ಒರೆಸಿದಳು. ಆಮೇಲೆ ಸೀಟಿನಲ್ಲಿ ಕೂತು, "ನನ್ ಕಡೆ ತಿರುಗಿಸಿ ಇಡ್ಸಿದೀರಾ?" ಎಂದು ಕೇಳಿದಳು. ಆ ದನಿಯಲ್ಲಿದ್ದ ಮೆದುತನವನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು. "ಹೂಂ. ಮತ್ತಿನ್ಯಾರ ಕಡೆ?" ಎಂದುಬಿಟ್ಟೆ. ಭದ್ರಾಚಾರಿಯನ್ನು ಮನಸ್ಸಿನಲ್ಲೇ ಕ್ಷಮಿಸಿದೆ.

ಗೃಹಪ್ರವೇಶದ ದಿನ ಹೊರಟೆವು. ಕೋಲಾರ ದಾಟಿತು, ಶ್ರೀನಿವಾಸಪುರ ದಾಟಿತು. ಮಾವಿನ ಕಾಲ. ಹಣ್ಣು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ತೆವಳುತ್ತಿದ್ದವು. ಅವುಗಳ ಹಿಂದೆ ಬಿಸಿಲಿನಲ್ಲಿ ನನ್ನ ಕಾರೂ ತೆವಳಿತು. ಪದ್ಮಾ ಕಡಲೆಕಾಯಿ ಸುಲಿಯುತ್ತಾ, ಒಂದು ಕಣ್ಣನ್ನು ಸೂಜಿಯ ಮೇಲೆ ಇಟ್ಟಿದ್ದಳು. ಇದ್ದಕ್ಕಿದ್ದಂತೆ ಸುಲಿಯುವುದು ನಿಂತಿತು.

"ರೀ, ಸೂಜಿ ಏಳ್ತಾ ಇದೆ. ನಿಲ್ಸಿ."

"ಇನ್ನೇನು ಬಂದೇಬಿಡ್ತು ಗೌನಿಪಲ್ಲಿ. ಆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಹೋದ್ರೆ..."

"ಗೆರೆ ಹತ್ರ ಬಂತು."

"ನಂಗೊತ್ತಿಲ್ವಾ ಕಾವು ಅಂದ್ರೆ ಏನು ಅಂತ? ಗೂಡು ನೋಡೋನು ನಾನು!"

"ಆಪಂಡಿ, ನಿಲ್ಸಿ!" ಎಂದಳು ಪದ್ಮಾ. ಅವಳ ಬಾಯಲ್ಲಿ ತೆಲುಗು ಬಂದರೆ ಚರ್ಚೆ ಮುಗಿಯಿತು ಎಂದು ಅರ್ಥ. ಅವಳ ತವರಿನಲ್ಲಿ ಎತ್ತುಗಳಿಗೂ ಅದು ಗೊತ್ತು. ಪಕ್ಕದ ಮಾವಿನ ತೋಪಿನ ನೆರಳಿಗೆ ಕಾರು ಇಳಿಸಿದೆ. ಬಾನೆಟ್ಟು ಎತ್ತಿದರೆ ಬೆಂಕಿಯಂಥ ಕಾವು, ಆದರೆ ಒಂದು ಹನಿ ನೀರೂ ಕುದಿದು ಚೆಲ್ಲಿರಲಿಲ್ಲ. ಇನ್ನೊಂದು ಏರು ಹತ್ತಿದ್ದರೆ ಮುಳಬಾಗಿಲಿನ ಕತೆಯೇ ಆಗುತ್ತಿತ್ತು. ನನಗೆ ಅದು ಗೊತ್ತಾಯಿತು, ನನಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ತಂಗಿಗೆಂದು ಕಟ್ಟಿದ್ದ ಚಕ್ಕುಲಿಯ ಡಬ್ಬಿ ತೆರೆದಳು. ಮದುವೆಯಾದ ಹೊಸತರಲ್ಲಿ ಹೀಗೆ ಮರದ ಕೆಳಗೆ ಕೂತದ್ದುಂಟು. ಸೂಜಿ ಇಳಿಯುವವರೆಗೆ ಇಬ್ಬರೂ ಚಕ್ಕುಲಿ ತಿಂದೆವು. ಇನ್ನಷ್ಟು ನಿಧಾನವಾಗಿ ಇಳಿಯಲಿ ಎಂದೇ ನನಗೆ ಅನ್ನಿಸುತ್ತಿತ್ತು.

ಗೌನಿಪಲ್ಲಿಯಲ್ಲಿ ಪದ್ಮಾ ಕಾರಿನಿಂದ ಇಳಿದದ್ದನ್ನು ನೀವು ನೋಡಬೇಕಿತ್ತು. ಸೀರೆಯ ನೆರಿಗೆ ಒಂದೂ ಕೆಟ್ಟಿರಲಿಲ್ಲ. ವ್ಯಾನಿನವರೆಲ್ಲ ಕಾರನ್ನು ಸುತ್ತುವರಿದರು. ಪದ್ಮಾ ಒಬ್ಬೊಬ್ಬರನ್ನೇ ತನ್ನ ಸೀಟಿನಲ್ಲಿ ಕೂರಿಸಿ ಮೀಟರು ತೋರಿಸಿದಳು. ಒಬ್ಬ ಅಜ್ಜಿ ಅದಕ್ಕೆ ಕೈಮುಗಿದು ಕುಂಕುಮವಿಟ್ಟೇ ಹೋದರು. "ಇವರೇ ಮಾಡ್ಸಿದ್ದು, ನನಗೋಸ್ಕರ" ಎಂದು ಪದ್ಮಾ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ಊಟಕ್ಕೆ ಅವತ್ತು ಮೊದಲ ಪಂಕ್ತಿಯಲ್ಲೇ ಕೂತೆ.

ಮೊನ್ನೆ ಭದ್ರಾಚಾರಿ ಫೋನು ಮಾಡಿ, ಯಾಕೋ ಮನಸ್ಸು ತಡೀತಿಲ್ಲ, ನಿನ್ನ ಕಡೆಗೂ ಕಾಣೋ ಹಾಗೆ ಇನ್ನೊಂದು ಕೆತ್ತಿಕೊಡಲೇ ಎಂದು ಕೇಳಿದ. ಬೇಡ, ಕಲ್ಲು ಮುಟ್ಟಬೇಡ ಎಂದು ಗದರಿಸಿದೆ. ನನಗೇ ಸೂಜಿ ಕಾಣುವ ಹಾಗಾದರೆ ಅವಳು ಮತ್ತೆ ಬಸ್ಸು ಹತ್ತಿದರೇನು ಗತಿ?

ಒಂದೇ ಕಷ್ಟವೆಂದರೆ ಅವಳಿಲ್ಲದೆ ಹೊರಟಾಗ. ಕಳೆದ ವಾರ ಒಬ್ಬನೇ ಕೋಲಾರಕ್ಕೆ ಹೋಗುತ್ತಿದ್ದೆ. ನರಸಾಪುರ ದಾಟುವಾಗ ರಸ್ತೆಯಿಂದ ಕಣ್ಣು ತೆಗೆಯದೆ, "ಎಷ್ಟಿದೆ ಪದ್ಮಾ?" ಎಂದು ಕೇಳಿದೆ. ಪಕ್ಕದ ಸೀಟು ಖಾಲಿ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಸುತ್ತಿ ಬಂದು, ಅವಳ ಸೀಟಿನಲ್ಲಿ ಕೂತು ಸೂಜಿ ನೋಡುತ್ತಿದ್ದೆ. ಕಾರ್ಖಾನೆಗೆ ಮಣ್ಣು ಹೊಡೆಯುವ ಲಾರಿಯವನು ಗುರುತು ಹಿಡಿದು ನಿಲ್ಲಿಸಿದ. ಖಾಲಿ ಸ್ಟೇರಿಂಗ್ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ ಕೇಳಿದ:

"ಏನ್ಸಾರ್, ಡ್ರೈವರ್ ಎಲ್ಲೋದ್ರು?"

"ಮನೇಲಿದ್ದಾರಪ್ಪ" ಎಂದೆ.