ಟೇಪು ಹಿಡಿದು ಬಂದ ಹುಡುಗ

ಜಯನಗರದಲ್ಲಿ ಅರ್ಧಕ್ಕರ್ಧ ಸೈಟುಗಳು ಇನ್ನೂ ಖಾಲಿ ಬಿದ್ದಿದ್ದ ಕಾಲ. ಅಲ್ಲಿಂದ ಬನಶಂಕರಿ ಕಡೆಗೆ ಹೋಗುವ ಮಣ್ಣುದಾರಿಯಲ್ಲಿ, ಒಂದು ಹಳ್ಳಿಯ ಬಾಗಿಲಲ್ಲೇ ನನ್ನ ದಿನಸಿ ಅಂಗಡಿ. ಯಾವನಾದರೂ ಅಳತೆ ಟೇಪು ಹಿಡಿದು ಬಂದನೆಂದರೆ ನಮ್ಮಲ್ಲಿ ಏನಾದರೊಂದು ತಮಾಷೆ ಆಗಿಯೇ ತೀರುತ್ತಿತ್ತು. ಟೇಪಿನ ಹಿಂದೆಯೇ ರಸ್ತೆ ಬರುತ್ತದೆ. ರಸ್ತೆ ಬಂದರೆ ಊರವರ ರಾಗಿ ಹೊಲಕ್ಕಿಂತ ಮೊದಲು ಹೋಗುವುದು ನನ್ನ ಅಂಗಡಿ. ಅನುಮಾನ ಪಡದೆ ಇರುವುದು ಹೇಗೆ?

೧. ಮಳೆಗೆ ನಿಂತವರು

ಒಂದು ದಿನ ಟೇಪು ಹಿಡಿದು ಕನ್ನಡಕದ ಹುಡುಗನೊಬ್ಬ ಬಂದ. ಎಂ.ಎ. ಓದುತ್ತಿದ್ದಾನಂತೆ, ಹಳ್ಳಿ ಪಟ್ಟಣವಾಗುವುದು ಹೇಗೆ ಅಂತ ಪ್ರಬಂಧ ಬರೆಯಬೇಕಂತೆ.

"ದಿನಾ ಎಷ್ಟು ಜನ ಗಿರಾಕಿಗಳು ಬರ್ತಾರೆ ಶೆಟ್ರೇ?"

ಓದುವ ಹುಡುಗನಿಗೆ ನನ್ನ ಗಿರಾಕಿಗಳ ಲೆಕ್ಕ ಯಾಕೆ? ಸೇಲ್ಸ್ ಟ್ಯಾಕ್ಸಿನವನೇ ಇರಬೇಕು ಅಂದುಕೊಂಡೆ.

"ಯಾರೂ ಬರಲ್ಲ ಸ್ವಾಮಿ. ಕೂತು ನೊಣ ಹೊಡೀತಿದೀನಿ."

ಅವನು ಹಿಂದೆ ತಿರುಗಿ ನೋಡಿದ. ಐದಾರು ಹೆಂಗಸರು ಚೀಲ ಹಿಡಿದು ನಿಂತಿದ್ದರು. "ಮತ್ತೆ ಇವರು?"

"ಅವರಾ? ಮಳೆ ಬರತ್ತೇಂತ ನೆರಳಿಗೆ ನಿಂತಿದಾರೆ."

ಸುಡುಬಿಸಿಲು. ಮುಂದೆ ನಿಂತಿದ್ದಾಕೆ ಕೂಗಿದಳು: "ಬೇಗ ಬೇಳೆ ತೂಗ್ರೀ ಶೆಟ್ರೇ, ನಿಮ್ಮಂಗ್ಡೀಲಿ ದಿನಾ ಇದೇ ಗೋಳು!"

೨. ಅವರೆಕಾಯಿ ಪರೀಕ್ಷೆ

ಹುಡುಗ ಸರ್ಕಾರದವನೋ ಅಲ್ಲವೋ ತಿಳಿಯಲು ಊರ ಗೌಡರು ಒಂದು ಉಪಾಯ ಹೂಡಿದರು. ಅವನ ಕೈಗೆ ಒಂದು ಚೀಲ ಸೊಗಡಿನ ಅವರೆಕಾಯಿ ಇಟ್ಟರು. ಸುಮ್ಮನೆ ತಗೊಂಡರೆ ಸರ್ಕಾರದವನು ಅಂತ ಲೆಕ್ಕ.

ಹುಡುಗ ಬೇಡ ಬೇಡ ಅಂದ. ಕೊನೆಗೆ ಬಲವಂತವಾಗಿ ದುಡ್ಡು ಕೊಟ್ಟೇ ತಗೊಂಡ.

"ಸದ್ಯ, ಸರ್ಕಾರದವನಲ್ಲ," ಅಂದೆ ನಾನು.

ಗೌಡರ ಮುಖ ಇನ್ನೂ ಬಾಡಿತು. "ಏನ್ ಮಾತೂಂತ ಆಡ್ತೀರಿ ಶೆಟ್ರೇ? ಅವರೆಕಾಯಿಗೇ ದುಡ್ಡು ಕೊಡ್ತಾನೆ ಅಂದ್ರೆ ಪೂರ್ತಿ ಊರನ್ನೇ ತಗೊಳ್ಳೋಕೆ ಬಂದಿದಾನೆ!"

೩. ಗೂಟದಮ್ಮ

ಜನ ಯಾವ ದಾರಿಯಲ್ಲಿ ಓಡಾಡುತ್ತಾರೆ ಅಂತ ಗುರುತು ಮಾಡಲು ಹುಡುಗ ಮರದ ಗೂಟಗಳನ್ನು ನೆಟ್ಟ. ಒಂದು ಗೂಟ ಸರಿಯಾಗಿ ನನ್ನ ಅಂಗಡಿಯ ಮುಂದೆ. ಗೌಡರು ಓಡಿ ಬಂದರು.

"ಏನ್ ಮಾಡೋದೀಗ?"

"ಕಿತ್ತರೆ ಕೇಸು ಹಾಕ್ತಾರೆ. ದೇವರಾದ್ರೆ ಯಾರೂ ಮುಟ್ಟಲ್ಲ," ಅಂದೆ. ಸುಮ್ಮನೆ ಮಾತಿಗೆ ಅಂದದ್ದು.

ಮಾರನೆಯ ಬೆಳಿಗ್ಗೆ ನೋಡಿದರೆ ಗೂಟಗಳಿಗೆಲ್ಲ ಅರಿಶಿನ, ಕುಂಕುಮ, ಬೇವಿನ ಸೊಪ್ಪು. ಬಾವಿಯ ನೀರಿಗೆ ದಿನಾ ಜಗಳವಾಡುತ್ತಿದ್ದ ಮೇಲಿನ ಕೇರಿ, ಕೆಳಗಿನ ಕೇರಿಯವರು ಒಟ್ಟಿಗೆ ನಿಂತು ಕೈ ಮುಗಿಯುತ್ತಿದ್ದರು. ಹುಡುಗ ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆವು. ಅವನು ಕುಣಿದಾಡಿಬಿಟ್ಟ!

"ಶೆಟ್ರೇ, ಸಮುದಾಯ ಅಂದ್ರೆ ಇದೇ! ನಾನಿನ್ನು ನಗರ ಯೋಜನೆಯನ್ನೇ ಓದೋದು!"

ಓದಲು ದೆಹಲಿಗೆ ಹೋದ. ನನ್ನ ಅಂಗಡಿಯಲ್ಲಿ ಕರ್ಪೂರ ಖಾಲಿಯಾಯಿತು.

೪. ಸ್ಥಾಪನೆ ಮಾಡಿದವರು

ಕೆಲವು ವರ್ಷಗಳಾದವು. ಹೊಲಗಳು ಒಂದೊಂದಾಗಿ ಸೈಟಾದವು. ಬೇರೆ ಗೂಟಗಳು ಗೆದ್ದಲಿಗೆ ಹೋದವು. ನನ್ನ ಅಂಗಡಿ ಮುಂದಿನದಕ್ಕೆ ಮಾತ್ರ ನಾನು ಟಾರು ಬಳಿಸಿ, ಮೇಲೊಂದು ಶೀಟು ಹಾಕಿಸಿದ್ದೆ. ಭಕ್ತಿ ಎಂದೇ ಬರೆದುಕೊಳ್ಳಿ. ಒಂದು ಶುಕ್ರವಾರ ಜೀಪು ಬಂತು. ಇಳಿದವನು ಅದೇ ಕನ್ನಡಕದ ಹುಡುಗ, ಈಗ ಆಫೀಸರು. ನಕ್ಷೆ ಬಿಚ್ಚಿದ. ಹೊಸ ರಸ್ತೆ ನೆಟ್ಟಗೆ ನನ್ನ ಅಂಗಡಿಯ ಮೇಲೇ.

ಗೌಡರ ತಾಯಿ ಪೂಜೆಗೆ ಕೂತಿದ್ದರು. ಹಿಂದೆ ಊರಿಗೆ ಊರೇ ಇತ್ತು.

"ಅಜ್ಜೀ, ಇದು ದೇವರಲ್ಲ," ಅಂದ ಆಫೀಸರು. "ಈ ಗೂಟ ನೆಟ್ಟಿದ್ದು ನಾನೇ!"

ಅಜ್ಜಿ ಎದ್ದು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಅಯ್ಯೋ ನನ್ನಪ್ಪಾ! ಅಮ್ಮನ್ನ ಸ್ಥಾಪನೆ ಮಾಡಿದ ಪುಣ್ಯಾತ್ಮ ನೀನೇನಾ? ಎಲ್ಲಿ ಹೋಗಿದ್ದೆ ಇಷ್ಟ್ ದಿನ? ಬೂಟು ಬಿಚ್ಚು, ಮೊದಲ ಮಂಗಳಾರತಿ ನಿಂದೇ!"

ಅಷ್ಟರಲ್ಲಿ ಜೀಪಿನ ಡ್ರೈವರು ಚಪ್ಪಲಿ ಬಿಟ್ಟು, ಕೈ ಮುಗಿದು, ಕಣ್ಣು ಮುಚ್ಚಿ ನಿಂತಾಗಿತ್ತು. ಆಫೀಸರು ದಿಕ್ಕು ಕಾಣದೆ ನನ್ನ ಕಡೆ ತಿರುಗಿದ.

"ಶೆಟ್ರೇ, ನಿಮಗೆ ಎಲ್ಲಾ ಗೊತ್ತಲ್ಲ. ನೀವಾದ್ರೂ ಹೇಳಿ!"

ನಾನು ಒಮ್ಮೆ ನಕ್ಷೆ ನೋಡಿದೆ, ಒಮ್ಮೆ ನನ್ನ ಅಂಗಡಿ ನೋಡಿದೆ.

"ತೆಂಗಿನಕಾಯಿ ಒಂದು ಸಾಕಾ ಸಾರ್, ಜೋಡಿ ಕೊಡ್ಲಾ?"