ನೀಲಿ ಬಿಲ್ಲೆ, ಹಸಿರು ಬಿಲ್ಲೆ

ನನ್ನ ಹೆಂಡತಿ ಪಾತ್ರೆ ಸೋಪು ಕೊಳ್ಳುವ ರೀತಿ ನೋಡಿದರೆ, ಅರ್ಥಶಾಸ್ತ್ರದ ಮೇಷ್ಟ್ರಾದ ನನಗೆ ಮೈಯೆಲ್ಲ ಉರಿಯುತ್ತದೆ. ತಿಂಗಳಿಗೆ ನೀಲಿ ಬಿಲ್ಲೆ ನಾಲ್ಕು, ಹಸಿರು ಬಿಲ್ಲೆ ನಾಲ್ಕು! ಅದೂ ನೀಲಿಯದು ಅಗ್ಗ ಅಂತ ಗೊತ್ತಿದ್ದೂ!

"ಎರಡೂ ಒಂದೇ ಕೆಲಸ ಮಾಡಿದರೆ ಅವು ಪರಿಪೂರ್ಣ ಬದಲಿ ಸರಕುಗಳು ಕಣೇ. ಅಗ್ಗದ್ದು ಯಾವುದೋ ಪೂರ್ತಿ ಅದನ್ನೇ ಕೊಳ್ಳಬೇಕು. ಅರ್ಧ ಅದು, ಅರ್ಧ ಇದು ಅನ್ನೋ ಮಾತೇ ಇಲ್ಲ!"

ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತದೆ ಅವಳೆಂದಳು: "ಹಸಿರಿನಲ್ಲಿ ಜಿಡ್ಡು ಚೆನ್ನಾಗಿ ಹೋಗುತ್ತೆ ರೀ. ಒಂದು ಲೋಟವಾದ್ರೂ ತೊಳೆದು ಗೊತ್ತಿದ್ದರೆ ತಾನೇ ನಿಮಗೆ ತಿಳಿಯೋದು!"

(ಒಂದು ಗುಟ್ಟು, ಯಾರಿಗೂ ಹೇಳಬೇಡಿ. ಮದುವೆಯಾದ ಹೊಸದರಲ್ಲಿ ಒಮ್ಮೆ ಪಾತ್ರೆ ತೊಳೆದು, ಬೇಕೆಂದೇ ಜಿಡ್ಡು ಉಳಿಸಿದ್ದೆ. "ನಿಮ್ಮ ಕೈಲಿ ಆಗಲ್ಲ, ಬಿಡಿ" ಅಂದಿದ್ದಳು. ಆ ಒಂದು ಮಾತಿನ ಪುಣ್ಯದಿಂದ ಹನ್ನೆರಡು ವರ್ಷ ನನ್ನ ಭಾನುವಾರದ ನಿದ್ದೆ ನಿರಾತಂಕವಾಗಿ ಸಾಗಿತ್ತು.)

ಆದರೆ ಈಗ ಶಾಸ್ತ್ರದ ಮಾನದ ಪ್ರಶ್ನೆ! ಭಾನುವಾರ ಊಟವಾದ ಮೇಲೆ ಅಂಗಿಯ ತೋಳು ಮಡಚಿ ನಿಂತೆ. ಅರ್ಧ ಪಾತ್ರೆ ನೀಲಿಯಲ್ಲಿ, ಅರ್ಧ ಹಸಿರಿನಲ್ಲಿ. ಗೆಲ್ಲಲೇಬೇಕೆಂಬ ಹಟದಲ್ಲಿ ಬಾಣಲೆಯ ತಳ ಕೂಡ ಬಿಡದೆ ತಿಕ್ಕಿದೆ. ತೀರ್ಪುಗಾರರು ನಮ್ಮ ಜೊತೆಯಲ್ಲೇ ಇರುವ ಅತ್ತೆ. ಕನ್ನಡಿಯಲ್ಲೂ ಜಿಡ್ಡು ಹುಡುಕುವ ಮಹಾತಾಯಿ. ಮಧ್ಯಾಹ್ನದ ನಿದ್ದೆ ಮುಗಿಸಿ ಬಂದವರು ಕನ್ನಡಕ ಏರಿಸಿ, ಒಂದೊಂದನ್ನೂ ಬೆರಳಲ್ಲಿ ಉಜ್ಜಿ ನೋಡಿದರು.

"ಎಲ್ಲಾ ಒಂದೇ ಥರ ಫಳಫಳ ಅಂತಿವೆ."

"ನೋಡಿದೆಯಾ!" ನಾನು ಕುಣಿದೇಬಿಟ್ಟೆ.

"ನನ್ನ ಮಗಳ ಕೆಲಸ ಅಂದ್ರೆ ಕೇಳಬೇಕಾ?" ಅಂದರು ಅತ್ತೆ.

"ಅಮ್ಮಾ, ತೊಳೆದಿದ್ದು ನಾನಲ್ಲ, ಇವರು."

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಂದ್ರೆ ನಿಮ್ಮ ಕೈ, ನನ್ನ ಕೈ ಎರಡೂ ಒಂದೇ ಕೆಲಸ ಮಾಡ್ತವೆ. ನಾನು ಒಂದು ಗಂಟೆ ಪಾತ್ರೆ ತಿಕ್ಕಿದ್ರೆ ಒಂದು ಅಂಗಿ ಹೊಲಿಯೋದು ತಪ್ಪುತ್ತೆ. ನೀವು ತಿಕ್ಕಿದ್ರೆ?"

"ನಿದ್ದೆ..."

"ಹಾಗಾದ್ರೆ ಅಗ್ಗದ ಕೈ ಯಾವುದು, ಮೇಷ್ಟ್ರೇ?"

"ಅರ್ಧರ್ಧ ಮಾಡ್ಕೊಳ್ಳೋಣ ಕಣೇ," ಎಂದು ಅಂಗಲಾಚಿದೆ. ಅವಳು ನಕ್ಕಳು, ಅಷ್ಟೇ. ಯಂತ್ರ ಮತ್ತೆ ಗಡಗಡ ಓಡಿತು.

ಅತ್ತೆಯಾದರೂ ಕಾಪಾಡಿಯಾರೆಂದು ಅವರತ್ತ ದೀನನಾಗಿ ನೋಡಿದೆ. ಅವರ ಕಣ್ಣು ತುಂಬಿ ಬಂದಿತ್ತು.

"ಪಾಪ, ಇಂಥಾ ಕೈಗುಣ ಇಟ್ಕೊಂಡು ಇಷ್ಟು ವರ್ಷ ಸುಮ್ಮನಿದ್ದಿರಲ್ಲ, ಅಳಿಯಂದ್ರೇ! ಏಣಿ ಹಾಕಿ, ಅಟ್ಟದ ಮೇಲೆ ನನ್ನ ಹಿತ್ತಾಳೆ ಪಾತ್ರೆಗಳು ಎರಡು ಮೂಟೆ ಇವೆ."