ಕಾಕಾ ಕುಟ್ಟಿದ ಕೊಬ್ಬರಿ ಬೆಣ್ಣೆ

ಸುತ್ತುಬಳಸಿ ಹೇಳುವ ಅಭ್ಯಾಸ ನನಗಿಲ್ಲ. ನೇರವಾಗಿ ಆರೋಪಿಸುತ್ತೇನೆ: ನಮ್ಮ ಕಾಕಾ ಸುಳ್ಳುಗಾರರು. ಬೆಣ್ಣೆಯ ವಿಷಯದಲ್ಲಿ ಅವರು ಹಾವೇರಿಗೆ ಒಂದು ಸುಳ್ಳು, ರಾಣೆಬೆನ್ನೂರಿಗೆ ಇನ್ನೊಂದು, ಬ್ಯಾಡಗಿಗೆ ಮತ್ತೊಂದು ಹೇಳಿದ್ದಾರೆ. ಈ ಮೂರೂ ಊರುಗಳು ಒಂದೇ ರೈಲು ಹಾದಿಯ ಮೇಲಿವೆ. ರೈಲಿನಲ್ಲಿ ನೆಂಟರು ಓಡಾಡುತ್ತಾರೆ. ನೆಂಟರ ಬಾಯಲ್ಲಿ ಸುಳ್ಳುಗಳೂ ಚೀಟಿಯಿಲ್ಲದೆ ಓಡಾಡುತ್ತವೆ. ಇಷ್ಟು ಸಾಮಾನ್ಯ ತಿಳಿವಳಿಕೆಯೂ ಇಲ್ಲದೆ ಸುಳ್ಳು ಹೇಳಹೊರಟ ಮನುಷ್ಯರನ್ನು ಸುಳ್ಳುಗಾರರೆಂದು ಕರೆಯುವುದಕ್ಕೂ ಒಮ್ಮೊಮ್ಮೆ ಸಂಕೋಚವಾಗುತ್ತದೆ. ಸುಳ್ಳಿಗೂ ಒಂದು ಶಿಸ್ತು ಬೇಡವೇ?

ನಾನು ಧಾರವಾಡದಲ್ಲಿ ತರ್ಕಶಾಸ್ತ್ರವನ್ನು ಓದಿ, ಪದವಿ ಪಡೆದು, ಈಚೆಗಷ್ಟೆ ಊರಿಗೆ ಮರಳಿದವಳು. ಎರಡು ಹೇಳಿಕೆಗಳು ಪರಸ್ಪರ ವಿರುದ್ಧವಾದರೆ ಅವುಗಳಲ್ಲಿ ಒಂದಾದರೂ ಸುಳ್ಳಾಗಿರಲೇಬೇಕು ಎಂದು ನನಗೆ ಕಲಿಸಿದ್ದರು. ಒಬ್ಬರೇ ಮೂರು ಹೇಳಿಕೆ ಕೊಟ್ಟು, ಮೂರನ್ನೂ ಅವರೇ ನಂಬದಿದ್ದರೆ ಏನು ಮಾಡಬೇಕೆಂಬುದಕ್ಕೆ ನಮ್ಮ ಪಠ್ಯದಲ್ಲಿ ಅಧ್ಯಾಯವೇ ಇರಲಿಲ್ಲ!

ಪ್ರಕರಣದ ಹಿನ್ನೆಲೆಯನ್ನು ಓದುಗರು ತಿಳಿಯುವುದು ಅವಶ್ಯ. ಹಾವೇರಿಯ ನಮ್ಮ ಮನೆಯಲ್ಲಿ ಆಡಳಿತ ನಡೆಸುವವರು ನಮ್ಮ ಆಯಿ, ಎಂದರೆ ನನ್ನ ಅಜ್ಜಿ, ಕಾಕಾನ ತಾಯಿ. ಅವರ ಆಡಳಿತದಲ್ಲಿ ಕಾಯಿದೆ ಒಂದೇ: ಬಿಸಿರೊಟ್ಟಿಯ ಮೇಲೆ ಬೆಣ್ಣೆ ಬೀಳಬೇಕು. ಆ ಬೆಣ್ಣೆಯನ್ನು ಒದಗಿಸುತ್ತಿದ್ದವಳು ಕೊಟ್ಟಿಗೆಯ ಎಮ್ಮೆ ಕರೆವ್ವ. ಕಡೆದು ತೆಗೆಯುತ್ತಿದ್ದವರು ಕಾಕಾನ ಹೆಂಡತಿ, ನಮ್ಮ ಚಿಗವ್ವ. ಹೀಗಿರುವಾಗ ಕರೆವ್ವನ ಎಳೆಗರು ಸತ್ತಿತು. ಕರೆವ್ವ ಹಾಲು ಬಿಡಲೊಲ್ಲದಾದಳು.

ಇದಕ್ಕೆ ನಮ್ಮ ಕಡೆ ಹಳೆಯದೊಂದು ಉಪಾಯವಿದೆ. ಸತ್ತ ಕರುವಿನ ತೊಗಲು ಬಿಚ್ಚಿ, ಒಳಗೆ ಹುಲ್ಲು ತುಂಬಿ, ಕಾಲಿಗೆ ಕಟ್ಟಿಗೆ ಕೊಟ್ಟು, ಹೊಲಿದು, ಎಮ್ಮೆಯ ಮುಂದೆ ನಿಲ್ಲಿಸುತ್ತಾರೆ. ಎಮ್ಮೆ ಅದನ್ನು ನೆಕ್ಕುತ್ತ ತೊರೆ ಬಿಡುತ್ತದೆ, ಎಂದರೆ ಕೆಚ್ಚಲಿಗೆ ಹಾಲು ಇಳಿಸುತ್ತದೆ. ಮನೆಯವರು ಹಾಲು ಕರೆದುಕೊಳ್ಳುತ್ತಾರೆ. ಆಯಿ ಅಂಥದೊಂದು ಕರುವನ್ನು ಮಾಡಿಸಿ ತರಿಸಿದರು. ಅದು ಒಂದು ದಿನ ಕೊಟ್ಟಿಗೆಯಲ್ಲಿ ನಿಂತದ್ದೂ ಉಂಟು. ಮರುದಿನ ನೋಡಿದರೆ ಇಲ್ಲ!

“ನಾಯಿ ಎಳಕೊಂಡು ಹೋದ್ವು,” ಎಂದರು ಕಾಕಾ.

“ಕಟ್ಟಿಗಿ ಕಾಲಿನ ಕರಾ ನಾಯಿ ಯಾಕ ಒಯ್ತಾವೋ?” ಎಂದರು ಆಯಿ.

“ಹಸದ ನಾಯಿಗೆ ಏನ ಗೊತ್ತಾಗ್ತೈತಿ, ಯವ್ವಾ?”

ಆಯಿ ಆಗಲೇ ಆಜ್ಞೆ ಹೊರಡಿಸಿದರು: “ಹಿಂಡದ ಎಮ್ಮಿ ಮನ್ಯಾಗ ಬ್ಯಾಡ. ನನ್ನ ರೊಟ್ಟಿ ಮ್ಯಾಲೆ ಬೆಣ್ಣಿ ಕಂಡ್ರ ಕರೆವ್ವ ಇರ್ತಾಳ. ಇಲ್ಲಾಂದ್ರ ಸಂತಿಗೆ ಹೊಡಿ.”

ಇನ್ನೊಂದು ಕರು ಮಾಡಿಸಬಹುದಿತ್ತು. ಹಿಂಡುವ ಎಮ್ಮೆಯನ್ನು ತರಬಹುದಿತ್ತು. ಕಾಕಾ ಏನು ಮಾಡಿದರು? ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದು ನಿಂತು, ತಾವು ಇನ್ನು ಮೇಲೆ ಕೊಬ್ಬರಿಯಿಂದ ಬೆಣ್ಣೆ ತೆಗೆಯುವುದಾಗಿ ಘೋಷಿಸಿದರು!

“ಬೆಣ್ಣಿ ಅಂದ್ರ ಏನು? ಜಿಡ್ಡು. ಜಿಡ್ಡು ಎಲ್ಲಿ ಐತಿ? ಕೊಬ್ಬರ್‍ಯಾಗ ಐತಿ. ಮುಗೀತಲ್ಲ!” ಎಂದು ನನ್ನತ್ತ ತಿರುಗಿ, “ಏನಂತೀ ವಕೀಲಬಾಯಿ, ನಿನ್ನ ತರ್ಕಕ್ಕ ಕೂಡ್ತೈತಿಲ್ಲೋ?” ಎಂದರು.

ಕೂಡುತ್ತಿತ್ತು. ಅದೇ ನನ್ನ ಸಂಕಟ. ಆ ತರ್ಕದ ಪ್ರಕಾರ ಎಣ್ಣೆದೀಪವೂ ಬೆಣ್ಣೆಯೇ.

ಕೊಬ್ಬರಿ ಬೆಣ್ಣೆಯನ್ನು ಮಾಡುವ ವಿಧಾನ ಕೇಳಲು ಸರಳವಾಗಿದೆ. ಒಣಕೊಬ್ಬರಿ ಬಟ್ಟಲುಗಳನ್ನು ಹೆರೆದು, ಬಿಸಿಲಿಗೆ ಹರವಿ ಬೆಚ್ಚಗೆ ಮಾಡಿ, ಒರಳಿಗೆ ಹಾಕಿ ಕುಟ್ಟಬೇಕು, ಕುಟ್ಟಿ ಅರೆಯಬೇಕು, ಅರೆದು ಮತ್ತೆ ಅರೆಯಬೇಕು. ಮೊದಲು ಅದು ಪುಡಿಯಾಗುತ್ತದೆ. ಆಮೇಲೆ ತೊಯ್ದ ಉಸುಕಿನಂತಾಗುತ್ತದೆ. ಆಮೇಲೆ ಬಹಳ ಹೊತ್ತು ಏನೂ ಆಗುವುದಿಲ್ಲ. ಮಾಡುವವನ ರಟ್ಟೆ ಬಿದ್ದುಹೋಗಿ, ಈ ಹುಚ್ಚು ಸಾಕು ಎನಿಸುವ ಹೊತ್ತಿಗೆ ಕೊಬ್ಬರಿ ತನ್ನ ಜಿಡ್ಡನ್ನು ತಾನೇ ಬಿಟ್ಟುಕೊಟ್ಟು, ನುಣ್ಣಗೆ, ಹೊಳೆಹೊಳೆಯುತ್ತ ಕಲ್ಲಿಗೆ ಅಂಟಿಕೊಳ್ಳುತ್ತದೆ. ತಂಪಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಕಾಕಾ ಮೊದಲನೆಯ ಸಲ ಉಸುಕಿನ ಹಂತದಲ್ಲಿಯೇ ಕೈಬಿಟ್ಟು ಅದನ್ನು ಆಯಿಯ ರೊಟ್ಟಿಯ ಮೇಲೆ ಹಾಕಿದರು.

ಆಯಿ ಒಂದು ತುತ್ತು ಅಗಿದು, ಬಹಳ ಹೊತ್ತು ಅಗಿದು, “ಬಡಿಗ್ಯಾರ ಮನಿಂದ ಕಟ್ಟಿಗಿ ಹೊಟ್ಟು ತಂದೀಯೇನೋ?” ಎಂದು ಕೇಳಿದರು.

ಎರಡನೆಯ ಸಲದ್ದು ಕೈಗೂಡಿತು. ನಸುಕಿನಲ್ಲಿ ನೋಡಿದರೆ ಬಟ್ಟಲಿನಲ್ಲಿ ಬೆಳ್ಳಗೆ ಗಟ್ಟಿ ಬೆಣ್ಣೆ! ಕಾಕಾ ಓಣಿಯವರನ್ನೆಲ್ಲ ಕರೆದು ತರುವಷ್ಟರಲ್ಲಿ ಬಿಸಿಲೇರಿತು. ಬೆಣ್ಣೆ ಇದ್ದಲ್ಲಿ ಎಣ್ಣೆ ಇತ್ತು. ಬಂದವರು ಬಟ್ಟಲಿನೊಳಗೆ ಇಣುಕಿ, ಕಾಕಾನ ಮುಖವನ್ನು ನೋಡಿ, ಅಡಕೆ ಹಾಕಿಕೊಂಡು ಹೋದರು. ಹೋಗುವ ಮುಂಚೆ ಎದುರುಮನೆಯವರು, “ಎಮ್ಮಿ ಇಟಗೊಂಡು ಇದ್ಯಾಕ್ರೀ?” ಎಂದು ಕೇಳಿದ್ದಕ್ಕೆ ಕಾಕಾ ಕೊಟ್ಟ ಉತ್ತರ: “ಡಾಕ್ಟರ ಹೇಳ್ಯಾರ್ರೀ. ಪಿತ್ತ. ಎಮ್ಮಿ ಬೆಣ್ಣಿ ಮುಟ್ಟಬ್ಯಾಡ ಅಂದಾರ.” ಇದು ಒಂದನೆಯ ಹೇಳಿಕೆ. ಕಾಕಾ ಜನ್ಮದಲ್ಲಿ ಡಾಕ್ಟರರ ಮೆಟ್ಟಿಲು ಹತ್ತಿದವರಲ್ಲ.

ಮುಂದಿನ ಕೊಬ್ಬರಿ ಕೊಳ್ಳಲು ಅವರು ರಾಣೆಬೆನ್ನೂರ ಪೇಟೆಗೆ ಹೊರಟಾಗ, ಸತ್ಯಶೋಧನೆಯ ಉದ್ದೇಶದಿಂದ ನಾನೂ ಜೊತೆಗೆ ಹೋದೆ. ಅಲ್ಲಿ ನಮ್ಮ ಅಕ್ಕನನ್ನು ಕೊಟ್ಟ ಮನೆ. ಬರಿಗೈಯಲ್ಲಿ ಬೀಗರ ಮನೆಗೆ ಹೋಗಬಾರದೆಂದು ಕಾಕಾ ಒಂದು ತಗಡಿನ ಡಬ್ಬಿಯಲ್ಲಿ ತಮ್ಮ ಬೆಣ್ಣೆಯನ್ನು ಒಯ್ದಿದ್ದರು. ರೈಲಿನ ಡಬ್ಬಿಯ ಸೆಕೆಯಲ್ಲಿ ತಗಡಿನ ಡಬ್ಬಿಯೊಳಗೆ ಏನು ನಡೆಯಿತೆಂಬುದನ್ನು ಓದುಗರೇ ಊಹಿಸಬಹುದು. ಅಕ್ಕನ ಮಾವನವರದು ನುಣ್ಣನೆಯ ಬೋಳುತಲೆ. ಅವರು ಡಬ್ಬಿ ತೆರೆದು, ಮೂಸಿ, ಸಂತೋಷದಿಂದ ಒಂದು ಬೊಗಸೆ ಸುರಿದುಕೊಂಡು ನೆತ್ತಿಗೆ ತಟ್ಟಿಕೊಳ್ಳತೊಡಗಿದರು!

“ಭಾರೀ ತಂಪ ಐತ್ರೀ ಬೀಗರ! ಇದರಿಂದ ಕೂದಲಾ ಬರ್ತಾವೇನ್ರಿ?”

ಕಾಕಾ ಮಿಂಚುವ ಆ ತಲೆಯನ್ನು ನೋಡಿದರು. ಒಳಗಿನಿಂದ ಬರುತ್ತಿದ್ದ ರೊಟ್ಟಿಯ ತಾಟನ್ನು ನೋಡಿದರು. “ನಂಬಿಕಿ ಇದ್ರ ಬರ್ತಾವ್ರೀ,” ಎಂದರು.

ಊಟಕ್ಕೆ ಕುಳಿತಾಗ, ಅದು ತಲೆಗಲ್ಲ ರೊಟ್ಟಿಗೆ ಎಂಬ ನಿಜ ಹೊರಬಿತ್ತು. ಮನೆಯಲ್ಲಿ ಎಮ್ಮೆಯಿದ್ದೂ ಈ ಪಾಡೇಕೆಂಬ ಪ್ರಶ್ನೆ ಅಲ್ಲಿಯೂ ಬಂತು. “ಈ ಮಹಾಯುದ್ಧ ನಡದೈತಲ್ರೀ. ಬೆಣ್ಣಿ ತುಪ್ಪ ಎಲ್ಲಾ ದಂಡಿಗೆ ಹೊಂಟೈತಿ. ಯುದ್ಧ ಮುಗಿಯೂತನಕ ನಾವು ಹಿಂಗ ರೂಢಿ ಮಾಡ್ಕೋಬೇಕು,” ಎಂದರು ಕಾಕಾ. ಪಿತ್ತ ಎಲ್ಲಿ ಹೋಯಿತು? ಹಾವೇರಿಯ ನಿಲ್ದಾಣದಲ್ಲಿಯೇ ಉಳಿದುಕೊಂಡಿತೇ?

ಬರುವಾಗ ಬ್ಯಾಡಗಿಯಲ್ಲಿ ಇಳಿದೆವು. ನಮ್ಮ ಒರಳಿನ ತಳ ಸವೆದಿದ್ದರಿಂದ ಅಲ್ಲಿನ ಮೆಣಸಿನಕಾಯಿ ವ್ಯಾಪಾರಿಯಾದ ತಮ್ಮ ಗೆಳೆಯರ ಮನೆಯ ದೊಡ್ಡ ಒರಳಿನಲ್ಲಿ ಕುಟ್ಟುವುದೆಂದು ಕಾಕಾ ಯೋಚಿಸಿದ್ದರು. ಬ್ಯಾಡಗಿಯ ಒರಳು ಎಂದರೇನು! ತಲೆಮಾರುಗಳಿಂದ ಖಾರ ಕುಟ್ಟಿಸಿಕೊಂಡ ಕಲ್ಲು. ಕಾಕಾ ನೀರು ಹಾಕಿ ತೊಳೆದರು, ಬೂದಿ ಹಾಕಿ ತಿಕ್ಕಿದರು, ಮತ್ತೆ ತೊಳೆದರು. ಒಣಗಿದ ಕಲ್ಲು ನಿರಪರಾಧಿಯಂತೆ ಕಂಡಿತು. ಆದರೆ ಕೊಬ್ಬರಿ ಜಿಡ್ಡು ಬಿಡುತ್ತಿದ್ದಂತೆಯೇ ಕಲ್ಲು ತನ್ನೊಳಗಿದ್ದುದನ್ನೆಲ್ಲ ಬಾಯಿಬಿಟ್ಟಿತು. ಬೆಣ್ಣೆ ನಸುಗೆಂಪಾಯಿತು, ಕೆಂಪಾಯಿತು, ಕೊನೆಗೆ ಕುಂಕುಮದ ಭರಣಿಯನ್ನು ನಾಚಿಸುವಂತಾಯಿತು! ಮನೆಯವರೆಲ್ಲ ಸೀನಿದರು. ಕಾಕಾ ಸೀನುತ್ತಲೇ ಅರೆದರು.

“ಯಾಕೋ ದೋಸ್ತ, ಎಮ್ಮಿ ಸತ್ತೈತೇನು?” ಎಂದು ಗೆಳೆಯರು ಕೇಳಿದರು.

“ಇಲ್ಲೋ ಮಾರಾಯಾ. ವ್ರತ ಹಿಡದೇನಿ. ಒಂದ ವರ್ಷ ಹಾಲಿಂದು ಏನೂ ಮುಟ್ಟಂಗಿಲ್ಲ.”

ಅಷ್ಟರಲ್ಲಿ ಗೆಳೆಯರ ಹೆಂಡತಿ ದೊಡ್ಡ ತಂಬಿಗೆಯಲ್ಲಿ ಮಜ್ಜಿಗೆ ತಂದರು. ದಣಿದಿದ್ದ ವ್ರತಸ್ಥರು ಅದನ್ನು ಎತ್ತಿ, ನೆಲಕ್ಕಿಡದೆ, ತಳ ಕಾಣಿಸಿದರು. ನಾನು ಬರಿದಾದ ತಂಬಿಗೆಯೊಳಗೆ ಇಣುಕಿದೆ. ಕಾಕಾ ಮೀಸೆ ಒರೆಸಿಕೊಂಡು, “ವ್ರತ ನಾಳಿಂದ,” ಎಂದರು.

ರೈಲಿನಲ್ಲಿ ನಾನು ಪಾಟೀಸವಾಲಿಗೆ ಇಳಿದೆ. “ಕಾಕಾ, ಪಿತ್ತ ಖರೇನೋ, ಯುದ್ಧ ಖರೇನೋ, ವ್ರತ ಖರೇನೋ? ಹಾಲು ಬಿಟ್ಟವರು ನೀವು. ಆದ್ರ ಆ ಹಿಂಡದ ಎಮ್ಮಿಗೆ ದಿನಾ ಶೇಂಗಾ ಹಿಂಡಿ ಹಾಕಿ, ಮೈ ತಿಕ್ಕಿ, ಕೊರಳು ನೀವತೀರಿ. ಇದು ಯಾವ ನ್ಯಾಯ?”

ಕಾಕಾ ಕಿಟಕಿಯಾಚೆ ನೋಡಿದರು. “ವಕೀಲಬಾಯಿ, ಎಲ್ಲಾ ಕೇಸ್ ನಡಸು. ಇದೊಂದ ಕೇಸ್ ಬಿಡು,” ಎಂದರು. ಅವರ ತೊಡೆಯ ಮೇಲೆ ಕೆಂಪು ಬೆಣ್ಣೆಯ ಡಬ್ಬಿ ಇತ್ತು. ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡಿದ್ದರು, ಬಿಟ್ಟರೆ ಯಾರೋ ಒಯ್ದಾರೆಂಬಂತೆ.

ಮರುದಿನ ಬಿಸಿರೊಟ್ಟಿಯ ಮೇಲೆ ಆ ಕೆಂಪು ಗಡ್ಡೆ ಕುಳಿತಿತು. ಕಾಕಾ ಕಂಬಕ್ಕೆ ಒರಗಿ ನಿಂತರು. ಚಿಗವ್ವ ಅಡಿಗೆಮನೆಯ ಬಾಗಿಲಿನಲ್ಲಿ ನಿಂತರು. ಹೋದ ಮಳೆಗಾಲದಿಂದ ಮಾತು ಕಡಿಮೆ ಮಾಡಿದ್ದ ಅವರು ಅಂದು ಉಸಿರನ್ನೂ ಕಡಿಮೆ ಮಾಡಿದಂತಿತ್ತು. ಆಯಿ ಮುರಿದು ತಿಂದರು. ಇನ್ನೊಂದು ತುತ್ತು ತಿಂದರು. ರೊಟ್ಟಿ ಮುಗಿಸಿ ಇನ್ನೊಂದು ರೊಟ್ಟಿ ಕೇಳಿದರು! ಕಾಕಾನ ಮುಖ ಅರಳಿತು.

ಕೈತೊಳೆದುಕೊಂಡು ಆಯಿ ತೀರ್ಪು ಕೊಟ್ಟರು: “ಛಲೋ ಐತಿ. ಆದ್ರ ಇದು ಬೆಣ್ಣಿ ಅಲ್ಲ, ಚಟ್ನಿ. ಚಟ್ನಿ ಸಂಬಂಧ ಯಾರೂ ಎಮ್ಮಿ ಸಾಕೂದಿಲ್ಲ. ಎಮ್ಮಿ ಕೊಳ್ಳಾಕ ಅಗಡಿ ಊರಾಂವ ಕೇಳ್ಯಾನ. ಬರೂ ಸಂತಿಗೆ ಕೊಟ್ಟುಬಿಡು.”

ಕಾಕಾ ಹಿತ್ತಲಿಗೆ ಹೋದರು. ಹೆರೆಮಣೆಯ ಮುಂದೆ ಕುಳಿತು ಮತ್ತೆ ಕೊಬ್ಬರಿ ಹೆರೆಯತೊಡಗಿದರು.

ನನಗೆ ಸಿಟ್ಟು ಬಂತು. ಒಂದು ಎಮ್ಮೆಗಾಗಿ ಇಷ್ಟೆಲ್ಲ ಸುಳ್ಳೇಕೆ, ಅದು ಬೇಕೆಂದು ನೇರವಾಗಿ ಹೇಳಲು ಏನು ಧಾಡಿ ಎಂದು ಕೇಳಲು ಹೊರಟೆ. ಕೊಟ್ಟಿಗೆಯ ಹತ್ತಿರ ಚಿಗವ್ವ ನನ್ನ ಕೈ ಹಿಡಿದು ನಿಲ್ಲಿಸಿದರು.

“ಅವರನ್ನ ಬೈಬ್ಯಾಡ, ತಂಗಿ. ಅವರು ನನ್ನ ಸಂಬಂಧ ಮಾಡಾಕತ್ತಾರ.”

ಕರೆವ್ವನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಅವರು ಹೇಳಿದರು: “ಹೋದ ಮಳಿಗಾಲದಾಗ ನನ್ನ ಕೂಸು ಹೋತಲ್ಲ, ಆವಾಗ ನೀ ಧಾರವಾಡದಾಗ ಇದ್ದಿ. ಕೂಸು ಹೋಗೇತಿ ಅಂತ ನನಗ ಯಾರೂ ಹೇಳಲಿಲ್ಲ. ‘ಬ್ಯಾಡಗಿ ಡಾಕ್ಟರ ಕಡೆ ಇಟ್ಟೇವಿ, ಇವತ್ತ ತರ್ತೇವಿ, ನಾಳೆ ತರ್ತೇವಿ’ ಅಂದ್ರು. ನಾ ಎದಿಯಾಗ ಹಾಲ ಕಟಗೊಂಡು ಬಾಗಿಲಾ ನೋಡ್ಕೋತ ಕುಂತೆ. ಹಸೀ ಬಾಣಂತಿ, ಜೀವಕ್ಕ ಏನರ ಆದೀತು ಅಂತ ಆಯಿ ಹಂಗ ಹೇಳಸಿದ್ರು. ಆಯಿ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಈಕಿ ಆ ಹುಲ್ಲಿನ ಕರಾನ ನೆಕ್ಕೂದು ನೋಡಿ ನಿಮ್ಮ ಕಾಕಾಗ ಒಂದ ಮಾತಂದೆ. ‘ಈಕಿಗಾದ್ರೂ ಸುಳ್ಳ ಹೇಳಬ್ಯಾಡ್ರಿ’ ಅಂದೆ. ಅಷ್ಟ.”

“ಹಂಗಾದ್ರ ಆ ಕರಾ?”

“ನಾಯಿ ಒಯ್ದಿಲ್ಲ. ಅವರೇ ಹೊತಗೊಂಡು ಹೋಗಿ, ಹೊಲದಾಗ ನಮ್ಮ ಕೂಸಿನ ಮಗ್ಗಲಕ್ಕ ಮಣ್ಣ ಮಾಡಿ ಬಂದಾರ.”

ನಾನು ಕಲಿತ ತರ್ಕಶಾಸ್ತ್ರವನ್ನೆಲ್ಲ ಅಲ್ಲಿಯೇ, ಆ ಕೊಟ್ಟಿಗೆಯಲ್ಲಿಯೇ ಹುಡುಕಾಡಿದೆ. ಒಂದು ಎಮ್ಮೆಗೆ ಸುಳ್ಳು ಹೇಳಬಾರದೆಂದು ಮೂರು ಊರುಗಳಿಗೆ ಸುಳ್ಳು ಹೇಳಿದವರನ್ನು ಏನೆಂದು ಕರೆಯಬೇಕು? ಸತ್ಯ ಗೊತ್ತಾದರೆ, ಎಮ್ಮೆಯ ಕರುವಿಗೂ ಅಳುವ ಸೊಸೆ ಎಂದು ಓಣಿ ಚಿಗವ್ವನನ್ನು ನೋಡಿ ನಕ್ಕೀತು. ಹಾಗೆ ಆಗದಿರಲಿ, ಓಣಿ ತಮ್ಮನ್ನೇ ನೋಡಿ ನಗಲಿ ಎಂದು ಒರಳಿನ ಮುಂದೆ ಕುಳಿತವರನ್ನು ಏನೆನ್ನಬೇಕು? ಅಂದು ಬಾಣಂತಿಯ ಕೋಣೆಯ ಹೊರಗೆ ಎಲ್ಲರೊಡನೆ ತಾವೂ ಬಾಯಿಮುಚ್ಚಿ ನಿಂತಿದ್ದವರು ಅವರೇ ಎಂಬುದನ್ನು ಇದರ ಜೊತೆಗೆ ಹೇಗೆ ಕೂಡಿಸಬೇಕು?

“ನೀ ಇದನ್ನೆಲ್ಲಾ ಬರೀ,” ಎಂದರು ಚಿಗವ್ವ. “ನನಗ ಆಯಿ ಮುಂದ ನಿಂತು ಹೇಳಾಕ ಆಗೂದಿಲ್ಲ. ನೀ ಬರೆದದ್ದನ್ನ ಅವರು ಓದಿಸಿ ಕೇಳ್ತಾರ.”

ಆದ್ದರಿಂದ, ಮೊದಲಿಗೆ ಮಾಡಿದ ಆರೋಪವನ್ನು ಹಿಂದಕ್ಕೆ ಪಡೆಯದೆ, ಅದರಲ್ಲಿ ಆರೋಪಿಗಳ ಸಂಖ್ಯೆಯನ್ನಷ್ಟೆ ಹೆಚ್ಚಿಸುತ್ತ, ನಮ್ಮ ಮನೆಯ ಹಿರಿಯರಲ್ಲಿ, ವಿಶೇಷವಾಗಿ ಆಯಿಯವರ ಸನ್ನಿಧಿಯಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುತ್ತೇನೆ: ಬಾಗಿಲು ನೋಡುತ್ತ ಕುಳಿತಿದ್ದ ಬಾಣಂತಿಗೆ ಸತ್ಯವನ್ನು ಹೇಳುವ ಹೊಣೆ ಯಾರದಾಗಿತ್ತು? ಇದಕ್ಕೆ ಬರುವ ಸಂತೆಯ ಒಳಗಾಗಿ ಉತ್ತರ ದೊರಕಬೇಕು. ಉತ್ತರವನ್ನು ನನಗೆ ಕೊಡುವುದು ಬೇಡ. ಅಡಿಗೆಮನೆಗೆ ಹೋಗಿ ಚಿಗವ್ವನ ಹತ್ತಿರ ಕುಳಿತು ಕೊಡಬೇಕು. ಅಗಡಿಯವನನ್ನು ಬರಬೇಡವೆಂದು ಹೇಳಿ ಕಳಿಸಬೇಕು. ಕರೆವ್ವ ಹಾಲು ಕೊಡಲಿ, ಬಿಡಲಿ, ತನ್ನ ಕರು ಇಲ್ಲವೆಂಬುದನ್ನು ತಿಳಿದುಕೊಂಡು ನಮ್ಮ ಕೊಟ್ಟಿಗೆಯಲ್ಲಿಯೇ ಇರಲು ಅವಳಿಗೆ ಅವಕಾಶವಿರಬೇಕು.

ಕಾಕಾನಲ್ಲಿಯೂ ಒಂದು ಬೇಡಿಕೆಯಿದೆ. ಇನ್ನು ಮೇಲೆ ಒಬ್ಬರೇ ಕುಟ್ಟಬಾರದು. ಒರಳಿನ ಆ ಬದಿಗೆ ನನಗೊಂದು ಮಣೆ ಹಾಕಬೇಕು.